ಕ್ಲಾಸಲ್ಲಿ ಬರೋದು ಸೋಶಿಯಲ್ಲಲ್ಲಿ ಯಾಕೆ ಬರಲ್ಲ? ನಮ್ಮ ಸಾಲ್ಸಾ ಸ್ಕೂಲಿನ ಹಳಬರು ದಯವಿಟ್ಟು ಓದಿ

ಹೊಸಹೆಜ್ಜೆ:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಓದ್ಕೊಂಡು ಇದೀನಿ, ಬರೀತಿರೋದು ಇದೇ ಮೊದಲು. ನಮ್ಮ ಸ್ಕೂಲಿಗೆ ಸೇರಿ ನಾಲ್ಕು ತಿಂಗಳಾಯ್ತು, ಲೀಡ್ ಮಾಡೋದು, ಅಂದ್ರೆ ಜೋಡೀಲಿ ಮುಂದೇನು ಅಂತ ಸುಳಿವು ಕೊಟ್ಟು ನಡೆಸೋದು, ಕಲೀತಿದೀನಿ. ಕ್ಲಾಸಲ್ಲಿ ಪರವಾಗಿಲ್ಲ, ಬೇಸಿಕ್, ರೈಟ್ ಟರ್ನ್, ಕ್ರಾಸ್ ಬಾಡಿ ಲೀಡ್ (ಜೊತೆಗಾರರನ್ನ ನಮ್ಮ ಮುಂದಿಂದ ಆ ಕಡೆಗೆ ದಾಟಿಸೋದು), ಅದರ ಜೊತೆ ಇನ್‌ಸೈಡ್ ಟರ್ನ್, ಎಲ್ಲಾ ಬರುತ್ತೆ, ಸರ್ ಕೂಡ ಟೈಮಿಂಗ್ ಚೆನ್ನಾಗಿದೆ ಅಂದಿದಾರೆ. ಹೋದ ವಾರ ಮೊದಲ್ನೇ ಸಲ ಪಾಠ ಇಲ್ದೆ ಎಲ್ರೂ ಸೇರಿ ಕುಣಿಯೋ ಸಂಜೆಗೆ, ಅಂದ್ರೆ ಸೋಶಿಯಲ್‌ಗೆ ಬಂದೆ. ಮೂರು ಹಾಡು ಗೋಡೆ ಪಕ್ಕ ನಿಂತು ಬರೀ ನೋಡ್ದೆ, ಆಮೇಲೆ ಧೈರ್ಯ ಮಾಡಿ ಒಬ್ರು ಸೀನಿಯರ್ ಮೇಡಂನ ಕೇಳ್ದೆ, ಅವ್ರು ನಗ್ತಾನೇ ಬಂದ್ರು. ಮೊದಲ ಇಪ್ಪತ್ತು ಸೆಕೆಂಡಲ್ಲಿ ಗೊತ್ತಿರೋದೆಲ್ಲಾ ಮಾಡಿ ಮುಗಿಸ್ಬಿಟ್ಟೆ, ಹಾಡು ನೋಡಿದ್ರೆ ಇನ್ನೂ ಈಗ ಶುರುವಾಗಿದೆ, ತಲೇಲಿ ಏನೂ ಉಳಿದಿಲ್ಲ, ಅಷ್ಟರಲ್ಲಿ ಎಣಿಕೆ ಶುರುವಾಗೋ ಬೀಟ್, ಅಂದ್ರೆ 1, ಎಲ್ಲಿದೆ ಅನ್ನೋದೇ ತಪ್ಪೋಯ್ತು, ಒಂದೇ ಟರ್ನ್ ನಾಲ್ಕು ಸಲ ಕೊಟ್ಟೆ, ಹಾಡು ಮುಗಿದಾಗ ಥ್ಯಾಂಕ್ಸ್ ಹೇಳೋಕೂ ಸರಿಯಾಗಿ ಬಾಯಿ ಬರ್ಲಿಲ್ಲ. ಆಮೇಲೆ ಎರಡು ಗಂಟೆ ಕೂತೇ ಇದ್ದೆ. ಸೀನಿಯರ್ಸ್ ಎಲ್ಲಾ ಅವರವರಲ್ಲೇ ಡ್ಯಾನ್ಸ್ ಮಾಡ್ತಿದ್ರು, ನೋಡೋಕೆ ಎಷ್ಟು ಚೆಂದ ಅಂದ್ರೆ ಕಣ್ಣು ತೆಗಿಯೋಕಾಗ್ಲಿಲ್ಲ, ಆದ್ರೆ ನಾವು ಹೊಸಬರು ಅಲ್ಲಿದೀವಿ ಅಂತ ಯಾರಿಗೂ ಅನಿಸಿದ ಹಾಗೆ ಕಾಣ್ಲಿಲ್ಲ.

ನಮ್ಮ ಬ್ಯಾಚಲ್ಲಿ 14 ಜನ ಶುರು ಮಾಡಿದ್ವಿ, ಈಗ 5 ಜನ ಇದೀವಿ. ಮುಂದಿನ ಲೆವೆಲ್‌ಗೆ ಹೆಸರು ಕೊಡೋಕೆ ಎರಡು ವಾರ ಟೈಮಿದೆ. ಸೇರ್ಲಾ ಬಿಡ್ಲಾ ಅಂತ ನಿಜವಾಗ್ಲೂ ಗೊತ್ತಾಗ್ತಿಲ್ಲ. ಯಾರನ್ನೂ ದೂರೋಕೆ ಬರೀತಿಲ್ಲ, ಈ ಡ್ಯಾನ್ಸ್ ನಂಗೆ ತುಂಬಾ ಇಷ್ಟ ಆಗಿದೆ, ಅದಕ್ಕೇ ಕೇಳ್ತಿದೀನಿ. ನಿಮಗೂ ಹೀಗೇ ಆಗಿತ್ತಾ?

ಕ್ಲೇವ್‌ಕಿವಿ:
ಆಗಿತ್ತು, ಎಲ್ರಿಗೂ ಆಗಿರುತ್ತೆ. ಲೆಕ್ಕ ಹಾಕಿ ನೋಡಿ, ನಿಮಿಷಕ್ಕೆ 180 ಬೀಟ್ ಇರೋ ಹಾಡು 4 ನಿಮಿಷ ನಡೆದ್ರೆ 720 ಬೀಟ್, ಅಂದ್ರೆ ಎಂಟೆಂಟು ಬೀಟಿನ 90 ಸುತ್ತು, ನಾವು ಎಂಟುಗಳು ಅಂತೀವಿ. ಒಂದು ಕ್ರಾಸ್ ಬಾಡಿಗೆ ಒಂದು ಎಂಟು ಸಾಕು, ಒಂದು ಟರ್ನ್‌ಗೆ ಇನ್ನೊಂದು. ನೀವು ಏಳೆಂಟು ಮೂವ್ ಕಲಿತಿದ್ರೆ ಇಪ್ಪತ್ತು ಸೆಕೆಂಡಲ್ಲಿ ಖಾಲಿ ಆಗೋದೇ ಸರಿ, ಅದು ನಿಮ್ಮ ತಪ್ಪಲ್ಲ. ಇನ್ನು ಇಪ್ಪತ್ತು ಮೂವ್ ಕಲಿತ್ರೆ ಸರಿಹೋಗುತ್ತೆ ಅಂದ್ಕೊಂಡ್ರೆ ಒಂದು ನಿಮಿಷಕ್ಕೆ ಖಾಲಿ ಆಗ್ತೀರ, ಅಷ್ಟೇ ವ್ಯತ್ಯಾಸ.

ನಿಜವಾದ ತೊಂದ್ರೆ ಬೇರೆ ಇದೆ. ಕ್ಲಾಸಲ್ಲಿ ಸರ್ "ಒಂದು ಎರಡು ಮೂರು, ಐದು ಆರು ಏಳು" ಅಂತ ಕೂಗ್ತಾ ಇರ್ತಾರೆ, ನಾವು ಕಾಲಿಡೋದು ಆ ದನಿಗೆ, ಹಾಡಿಗಲ್ಲ. ಸೋಶಿಯಲ್ಲಲ್ಲಿ ಕೂಗೋರು ಇಲ್ಲ. ಅದಕ್ಕೇ 1 ಕಳೆದುಹೋಗೋದು.

ನಾನು ಕಾಂಗಾ ಅನ್ನೋ ಉದ್ದನೆ ಡ್ರಮ್ ಬಾರಿಸೋದು ಕಲಿಯೋಕೆ ಶುರು ಮಾಡಿದ ಮೇಲೇ ನನ್ನ ಡ್ಯಾನ್ಸ್ ಸರಿಹೋಗಿದ್ದು. ಕಾಂಗಾದ ಸಾಮಾನ್ಯ ನುಡಿಸಾಣಿಕೆಗೆ ತುಂಬಾವೋ ಅಂತಾರೆ. ಅದರಲ್ಲಿ 2ನೇ ಬೀಟಿಗೆ ಅಂಗೈ ಚಪ್ಪಟೆಯಾಗಿ ಬೀಳೋ "ಟಕ್", 4ಕ್ಕೆ ಮತ್ತು 4ರ ಅರ್ಧಕ್ಕೆ "ದುಮ್ ದುಮ್" ಅಂತ ಎರಡು ತೆರೆದ ಪೆಟ್ಟು. ಮತ್ತೆ 6ಕ್ಕೆ ಟಕ್, 8ಕ್ಕೆ ದುಮ್ ದುಮ್. ಈಗ ಗಮನಿಸಿ, 4 ಮತ್ತು 8 ಅಂದ್ರೆ ನಾವು ಹೆಜ್ಜೆ ಹಾಕದೆ ಬಿಡೋ ಎಣಿಕೆಗಳು. ಕ್ಲಾಸಲ್ಲಿ ಅದನ್ನ ಪಾಸ್, ಅಂದ್ರೆ ತಡೆದು ನಿಲ್ಲೋದು, ಅಂತ ಹೇಳ್ಕೊಡ್ತಾರೆ, ಅಲ್ಲೇನೂ ಇಲ್ಲವೇನೋ ಅನ್ನೋ ಹಾಗೆ. ಅಲ್ಲಿ ಕಾಂಗಾ ನಿಮ್ಮನ್ನ ಮುಂದಿನ ಹೆಜ್ಜೆಗೆ ತಳ್ಳಿಕೊಡ್ತಾ ಇರುತ್ತೆ! ಆ ದುಮ್ ದುಮ್ ಕೇಳಿದ ತಕ್ಷಣ ಬರೋದೇ 1 ಇಲ್ಲಾ 5. ಇದೊಂದು ಕಿವಿಗೆ ಸಿಕ್ಕಿದ್ರೆ ಹಾಡಿನ ಮಧ್ಯ ಎಲ್ಲಿ ಕಳೆದುಹೋದ್ರೂ ವಾಪಸ್ ಬರಬಹುದು.

ಹಾಡು ಜೋರಾಗೋ ಭಾಗದಲ್ಲಿ, ಕೋರಸ್‌ನೋರು ಒಂದೇ ಸಾಲನ್ನ ಮತ್ತೆ ಮತ್ತೆ ಹಾಡ್ತಾರಲ್ಲ ಅಲ್ಲಿ, ಬೊಂಗೋ (ಪುಟ್ಟ ಜೋಡಿ ಡ್ರಮ್) ಬಾರಿಸೋರು ಅದನ್ನ ಕೆಳಗಿಟ್ಟು ಕೌಬೆಲ್ ತಗೋತಾರೆ. ಆ ಗಂಟೆಯ ಗಟ್ಟಿ ಪೆಟ್ಟು ಬೀಳೋದು 1, 3, 5, 7ಕ್ಕೆ. ಹೊಸಬರಿಗೆ ಅದು ಎಲ್ಲಕ್ಕಿಂತ ಸುಲಭ. ಮನೇಲಿ ಒಂದು ವಾರ ಕಾಲು ಆಡಿಸ್ದೆ ಕೂತ್ಕೊಂಡು ಬರೀ ಕೇಳಿ, 2ಕ್ಕೂ 6ಕ್ಕೂ ಚಪ್ಪಾಳೆ ಹಾಕಿ. ಇಷ್ಟು ಮಾಡಿ ಆಮೇಲೆ ಬಿಡೋದಾ ಸೇರೋದಾ ಯೋಚನೆ ಮಾಡಿ.

ಬ್ಯಾಚ್‌ಮೇಟ್:
ನೀವು ಯಾರು ಅಂತ ಗೊತ್ತಾಯ್ತು ಅನ್ಸುತ್ತೆ, ಹೆಸರು ಹೇಳಲ್ಲ. ನಾನೂ ನಿಮ್ಮ ಬ್ಯಾಚೇ, ಉಳಿದಿರೋ ಐದು ಜನರಲ್ಲಿ ಒಬ್ಳು. ಆ ದಿನ ನೀವು ಸ್ಪೀಕರ್ ಹತ್ರ ಕೂತಿದ್ರಿ, ನಾನು ಎದುರುಗಡೆ ಬಾಗಿಲ ಪಕ್ಕ ಕೂತಿದ್ದೆ. ನಂಗೆ ಇಡೀ ಸಂಜೆ ಸಿಕ್ಕಿದ್ದು ಎರಡು ಹಾಡು. ನೀವು ಸೀನಿಯರ್ ಮೇಡಂನ ಕೇಳಿದ್ದು ನೋಡ್ದೆ, ನನ್ನನ್ನೂ ಕೇಳಬಹುದು ಅಂತ ಕಾದೆ, ನೀವು ವಾಪಸ್ ಬಂದು ತಲೆ ತಗ್ಗಿಸಿ ಕೂತ್ಬಿಟ್ರಿ. ಬೇಜಾರು ಮಾಡ್ಕೋಬೇಡಿ, ನಾನೂ ಎದ್ದು ಬಂದು ಕೇಳಬಹುದಿತ್ತಲ್ವಾ, ಕೇಳ್ಲಿಲ್ಲ. ಫಾಲೋ ಮಾಡೋರು, ಅಂದ್ರೆ ಲೀಡ್ ಕೊಟ್ಟ ಸುಳಿವಿನ ಹಾಗೆ ಕುಣಿಯೋರು, ಕೇಳಬಾರದು ಅಂತ ಯಾರೂ ಹೇಳಿಲ್ಲ, ನಂಗೆ ನಾನೇ ಹಾಗೆ ಅಂದ್ಕೊಂಡಿದ್ದೆ.

ಇನ್ನೊಂದು ವಿಷಯ, ಲೀಡ್ ಮಾಡೋರು ಏನಂದ್ಕೋತಾರೆ ಗೊತ್ತಿಲ್ಲ, ನಮಗೆ ಮೂವ್ ಎಷ್ಟಿದೆ ಅನ್ನೋದು ಮುಖ್ಯ ಅಲ್ಲವೇ ಅಲ್ಲ. ಕೈ ಹಿಸುಕದೆ, ಭುಜ ಎಳೀದೆ, ಟರ್ನ್ ಕೊಡೋಕೆ ಮುಂಚೆ ಒಂದು ಕ್ಷಣ ಸುಳಿವು ಕೊಟ್ಟು, ಬೇರೆಯವರಿಗೆ ಡಿಕ್ಕಿ ಆಗದ ಹಾಗೆ ನೋಡ್ಕೊಂಡ್ರೆ ಬರೀ ಬೇಸಿಕ್ಕೂ ಚೆನ್ನಾಗಿರುತ್ತೆ. ಆ ಎರಡು ಹಾಡಲ್ಲಿ ಒಂದು ಒಬ್ರು ಭಾರೀ ಸೀನಿಯರ್ ಜೊತೆ ಆಗಿದ್ದು. ಟರ್ನ್ ಮೇಲೆ ಟರ್ನ್, ನಂಗೆ ಹಾಡೇ ಕೇಳಿಸ್ಲಿಲ್ಲ, ಮಣಿಕಟ್ಟು ಮಾರನೇ ದಿನವೂ ನೋಯ್ತಿತ್ತು.

ಎಂಟನೇಎಣಿಕೆ:
ಇದನ್ನ ಓದಿ ಎರಡು ದಿನ ಉತ್ತರ ಬರೆಯೋಕಾಗ್ಲಿಲ್ಲ. ಒಂಬತ್ತು ವರ್ಷದಿಂದ ಈ ಸ್ಕೂಲಲ್ಲಿದೀನಿ, ಬಿಗಿನರ್ ಕ್ಲಾಸಲ್ಲಿ ಸರ್‌ಗೆ ಸಹಾಯಾನೂ ಮಾಡ್ತೀನಿ, ಆದ್ರೂ ಆ ಸಂಜೆ ಹೊಸಬರ ಜೊತೆ ಎಷ್ಟು ಹಾಡು ಮಾಡ್ದೆ ಅಂತ ನೆನಪಿಸ್ಕೊಂಡ್ರೆ ಒಂದೂ ಇಲ್ಲ. ತಮ್ಮಾ, ತಂಗೀ, ನೀವಿಬ್ರೂ ಹೇಳಿರೋದು ನಿಜ.

ನಾನು ಬಂದಾಗ ಹೀಗಿರ್ಲಿಲ್ಲ. ಆಗ ಸ್ಕೂಲಲ್ಲಿ ಇದ್ದಿದ್ದೇ ಇಪ್ಪತ್ತು ಜನ, ಹಳಬರು ಹೊಸಬರು ಅಂತ ಬೇರೆ ಮಾಡೋಕೆ ಜನಾನೇ ಇರ್ಲಿಲ್ಲ, ಎಲ್ರೂ ಎಲ್ರ ಜೊತೆ ಕುಣಿಲೇಬೇಕಿತ್ತು. ನನ್ನ ಮೊದಲ್ನೇ ಸೋಶಿಯಲ್ಲಲ್ಲಿ ಒಬ್ರು ಹಿರಿಯರು ಬಂದು ಕೈ ಚಾಚಿದ್ರು, ನಂಗೇನೂ ಬರಲ್ಲ ಸರ್ ಅಂದೆ, ಅವ್ರು ಏನೂ ಹೇಳ್ಲಿಲ್ಲ, ಇಡೀ ಹಾಡು ಬೇಸಿಕ್, ಸೈಡ್ ಬೇಸಿಕ್, ಮಧ್ಯ ಮಧ್ಯ ಒಂದೊಂದು ನಿಧಾನದ ಟರ್ನ್. ನಾನು ತಪ್ಪಿದಾಗ ಅವರೇ ತಪ್ಪಿದ ಹಾಗೆ ನಿಂತು, ನನ್ನ ಕಾಲು ಎಲ್ಲಿದೆ ಅಂತ ನೋಡ್ಕೊಂಡು ಅಲ್ಲಿಂದಾನೇ ಮತ್ತೆ ಶುರು ಮಾಡ್ತಿದ್ರು. ಆ ನಾಲ್ಕು ನಿಮಿಷದಿಂದಾನೇ ನಾನು ಇವತ್ತು ಇಲ್ಲಿರೋದು. ಅವ್ರು ಈಗ ಬರಲ್ಲ. ಅವ್ರು ನಂಗೆ ಕೊಟ್ಟಿದ್ದನ್ನ ನಾನು ಇನ್ನೊಬ್ರಿಗೆ ಕೊಡ್ಬೇಕಿತ್ತು, ಒಳ್ಳೇ ಡ್ಯಾನ್ಸರ್ ಆದ ಮೇಲೆ ಮರೆತೇಬಿಟ್ಟೆ.

ಮುಂದಿನ ಸೋಶಿಯಲ್ಲಲ್ಲಿ ಮೊದಲ ಒಂದು ಗಂಟೆ ನಾನು ಹೊಸಬರ ಜೊತೆ ಮಾತ್ರ ಮಾಡ್ತೀನಿ. ಬೇರೆ ಸೀನಿಯರ್ಸ್ ಯಾರ್ಯಾರು ಸೇರ್ಕೋತೀರ ಹೇಳಿ.

ನ್ಯೂಯಾರ್ಕ್‌ಆನ್‌ಟೂ:
ಅಕ್ಕಾ, ನಿಮ್ಮ ಮಾತಿಗೆ ಗೌರವ ಇದೆ, ಆದ್ರೂ ನಾನು ಒಪ್ಪಲ್ಲ. ನಾನು ವಾರಪೂರ್ತಿ ಕೆಲಸ ಮಾಡಿ ಒಂದೇ ಒಂದು ಸಂಜೆ ಬರ್ತೀನಿ. ಆರು ವರ್ಷ ಕಷ್ಟಪಟ್ಟು ಕಲಿತಿರೋದು, 1ನೇ ಬೀಟಿಗೆ ಮುಂದಕ್ಕೆ ಹಿಂದಕ್ಕೆ ದಿಕ್ಕು ಬದಲಿಸೋ ಆನ್ 1 ಬಿಟ್ಟು 2ಕ್ಕೆ ಬದಲಿಸೋ ಆನ್ 2ಗೆ ಬರೋಕೇ ಒಂದು ವರ್ಷ ಹಿಡೀತು, ದೇಹ ಕೇಳ್ತಾನೇ ಇರ್ಲಿಲ್ಲ. ನಂಗೆ ಸಮನಾಗಿ ಮಾಡೋರ ಜೊತೆ ಮಾಡಿದಾಗ ಸಿಗೋ ಖುಷಿಗೋಸ್ಕರ ಬರೋದು. ಅದನ್ನ ಸ್ವಾರ್ಥ ಅಂದ್ರೆ ಬೇಜಾರಾಗುತ್ತೆ. ಹೊಸಬರಿಗೆ ಕಲಿಸೋದು ಸ್ಕೂಲಿನ ಕೆಲಸ, ಸೋಶಿಯಲ್‌ಗೆ ಬಂದಿರೋರ ಕೆಲಸ ಅಲ್ಲ. ಹಳೇ ನ್ಯೂಯಾರ್ಕಿನ ಪಲೇಡಿಯಮ್ ಬಾಲ್‌ರೂಮಲ್ಲಿ ಮಾಚಿಟೊ, ಟಿಟೊ ಪ್ಯುಯೆಂತೆ, ಟಿಟೊ ರೋಡ್ರಿಗಸ್ ಆರ್ಕೆಸ್ಟ್ರಾಗಳು ನುಡಿಸ್ತಿದ್ದಾಗ ಅಲ್ಲಿ ಕುಣಿದೋರು ಒಬ್ಬರನ್ನೊಬ್ರು ಮೀರಿಸ್ಬೇಕು ಅಂತಾನೇ ಅಷ್ಟು ಬೆಳೆದಿದ್ದು. ಮೇಲೆ ಹೋಗೋ ಆಸೆ ಇಲ್ಲದೇ ಇದ್ರೆ ಕಲೆ ಬೆಳೆಯಲ್ಲ.

ಕ್ಲೇವ್‌ಕಿವಿ:
ಪಲೇಡಿಯಮ್ ವಿಷಯ ಎತ್ತಿದ್ದು ಒಳ್ಳೇದಾಯ್ತು, ಆದ್ರೆ ಅದರ ಇನ್ನೊಂದು ಮಗ್ಗುಲೂ ಹೇಳ್ಬೇಕಲ್ವಾ. ಬೇರೆ ಕಡೆ ಬಣ್ಣ ನೋಡಿ ಒಳಗೆ ಬಿಡ್ತಿದ್ದ ಕಾಲದಲ್ಲಿ ಪೋರ್ಟೊ ರಿಕೋದೋರು, ಕ್ಯೂಬಾದೋರು, ಕಪ್ಪು ಜನ, ಯಹೂದಿಗಳು, ಇಟಾಲಿಯನ್ನರು ಎಲ್ಲಾ ಒಂದೇ ನೆಲದ ಮೇಲೆ ಕುಣಿದಿದ್ದು ಅಲ್ಲಿ. 1966ರಲ್ಲಿ ಅದು ಮುಚ್ಚಿಹೋದ ಮೇಲೂ ಜನ ಅದನ್ನ ನೆನೆಸ್ಕೊಳೋದು ಆ ಕಾರಣಕ್ಕೂ ಹೌದು.

ಸಾಲ್ಸಾ ಅನ್ನೋದೇ ಒಬ್ರದ್ದಲ್ಲ. ಬೇರು ಕ್ಯೂಬಾದ ಪೂರ್ವ ಭಾಗದ ಸಂಗೀತವಾದ ಸೋನ್‌ನಲ್ಲಿದೆ, ಅದಕ್ಕೆ ಮಾಂಬೋ ಅನ್ನೋ ಕ್ಯೂಬಾದ ಇನ್ನೊಂದು ಶೈಲಿ ಸೇರ್ತು, ನ್ಯೂಯಾರ್ಕಲ್ಲಿ ಪೋರ್ಟೊ ರಿಕೋ ಹುಡುಗರ ಕೈಗೆ ಬಂದು ಟ್ರಾಂಬೋನ್ ಅನ್ನೋ ಊದೋ ವಾದ್ಯ ಜೋರಾಯ್ತು. 1964ರಲ್ಲಿ ಸಾಲ್ಸಾ ಹಾಡುಗಳ ಕಂಪನಿ ಫಾನಿಯಾ ರೆಕಾರ್ಡ್ಸ್ ಶುರು ಮಾಡಿದ ಇಬ್ಬರಲ್ಲಿ ಜಾನಿ ಪಚೆಕೊ ಹುಟ್ಟಿದ್ದು ಡೊಮಿನಿಕನ್ ರಿಪಬ್ಲಿಕ್ಕಲ್ಲಿ, ಜೆರ್ರಿ ಮಸೂಚಿ ಇಟಾಲಿಯನ್ ಮೂಲದ ವಕೀಲ. ಆನ್ 2ನ ಎಣಿಸಿ ಹೇಳ್ಕೊಡೋ ಹಾಗೆ ಮಾಡಿದ್ದು ನ್ಯೂಯಾರ್ಕಿನ ಡ್ಯಾನ್ಸ್ ಮೇಷ್ಟ್ರು ಎಡ್ಡಿ ಟೊರೆಸ್, ಅವ್ರು ಕಲಿತಿದ್ದು ಬಹುಪಾಲು ಕ್ಲಬ್ಬುಗಳಲ್ಲಿ ಹಿರಿಯರನ್ನ ನೋಡಿ. ಕ್ಲಾಸ್ ಅನ್ನೋದು ಆಮೇಲೆ ಬಂದಿದ್ದು ರೀ. ಮೊದಲಿದ್ದಿದ್ದು ಫ್ಲೋರ್. ಹಾಗಾಗಿ ಕಲಿಸೋದು ಸ್ಕೂಲಿನ ಕೆಲಸ, ಫ್ಲೋರಿನ ಕೆಲಸ ಅಲ್ಲ ಅನ್ನೋದು ನಂಗೆ ಸರಿ ಅನಿಸಲ್ಲ.

ನ್ಯೂಯಾರ್ಕ್‌ಆನ್‌ಟೂ:
ಒಪ್ಪಿದೆ, ಆ ದಿಕ್ಕಲ್ಲಿ ಯೋಚನೆ ಮಾಡಿರ್ಲಿಲ್ಲ. ಆದ್ರೂ ನನ್ನ ಮಾತಲ್ಲಿ ಒಂದು ಭಾಗ ಉಳಿಸ್ಕೋತೀನಿ, ಬಲವಂತದ ರೂಲ್ ಮಾಡ್ಬೇಡಿ. ಕರ್ತವ್ಯಕ್ಕೆ ಕುಣಿದ್ರೆ ಎದುರಿಗಿರೋರಿಗೆ ಅದು ಕೈಯಲ್ಲೇ ಗೊತ್ತಾಗಿಬಿಡುತ್ತೆ, ಅದು ಕೂತಿರೋದಕ್ಕಿಂತ ನೋವು.

ಮೊಣಕಾಲು52:
ನಾ ಸುರು ಮಾಡಿದ್ದು 52ನೇ ವಯಸ್ಸಿಗೆ ನೋಡ್ರಿ. ಎಲ್ಲಾರೂ ಮನಸ್ಸಿನ ಮಾತು ಹೇಳಾಕತ್ತೀರಿ, ನಾ ಕಾಲಿನ ಮಾತು ಹೇಳ್ತೇನಿ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ ಅಂತಾರಲ್ರಿ, ಸಾಲ್ಸಾದಾಗ ನೆಲ ಖರೇನ ಮುಖ್ಯ ಐತಿ. ಮೊದಲ ಮೂರು ತಿಂಗಳು ನಾ ಓಡೂ ಬೂಟ್ ಹಾಕ್ಕೊಂಡು ಬರ್ತಿದ್ದೆ. ರಬ್ಬರ್ ತಳ ನೆಲಾ ಹಿಡೀತೈತಿ, ದೇಹ ತಿರುಗತೈತಿ, ಪಾದ ತಿರುಗೂದಿಲ್ಲ, ನಡುವ ಸಿಕ್ಕೊಂಡು ತಿರುಚೂದು ಮೊಣಕಾಲು. ನೋವು ಬಂದು ಬಿಟ್ಟ ಬಿಡೂದಿತ್ತು. ಆಮ್ಯಾಲೆ ಸ್ವೇಡ್ ತೊಗಲಿನ ತಳದ ಬೂಟ್ ತಗೊಂಡೆ, ಹೆಜ್ಜಿ ಸಣ್ಣು ಮಾಡಿದೆ, ತಿರುಗೂವಾಗ ಹಿಮ್ಮಡಿ ಎತ್ತಿ ಮುಂಗಾಲ ಮ್ಯಾಲೆ ತಿರುಗೂದು ಕಲ್ತೆ, ಈಗ ಮೂರು ತಾಸು ಆಡಿದ್ರೂ ಏನೂ ಆಗೂದಿಲ್ಲ. ಸ್ವೇಡ್ ಬೂಟ್ ಹೊರಗ ಹಾಕ್ಕೊಂಡು ಅಡ್ಡಾಡಬ್ಯಾಡ್ರಿ, ನೀರು ತಾಗಿದ್ರ ಕೆಟ್ಟ ಹೋಗ್ತೈತಿ, ತಳ ನುಣ್ಣಗಾದ್ರ ತಂತಿ ಬ್ರಶ್ಶಿನಿಂದ ತಿಕ್ಕರಿ.

ಹೆಜ್ಜಿ ಸಣ್ಣು ಇರಬೇಕು ಅನ್ನೂದು ಹೊಸಬರು ಕೇಳೂದ ಇಲ್ಲ. ಹಾಡು ಜೋರಾದಾಗ ಎಣಿಕಿ ತಪ್ಪೂದು ಅರ್ಧ ಇದರಿಂದನ. ದೊಡ್ಡ ಹೆಜ್ಜಿ ಹಾಕಿದವ ವಾಪಸ್ ಬರೂದ್ರಾಗ ಬೀಟ್ ಮುಂದ ಹೋಗಿರತೈತಿ. ನಿಮ್ಮ ಭುಜದ ಅಗಲದಾಗ ಎಲ್ಲಾ ಮುಗೀಬೇಕ್ರಿ.

ಮತ್ತ ಹೊಸಹೆಜ್ಜೆ ಅವ್ರ, ಒಂದು ಅಂಗಿ ಹೆಚ್ಚಿಗಿ ತರ್ರಿ, ಒಂದು ಸಣ್ಣ ಟವೆಲ್. ಬೆವರಿದ ಅಂಗಿ ಬದಲಿಸಿದ್ರ ನಿಮಗೂ ಧೈರ್ಯ ಬರ್ತೈತಿ ಇನ್ನೊಬ್ಬರನ್ನ ಕೇಳಾಕ.

ಬಿಟ್ಟುಬಂದವಳು:
ಸುಮ್ನೆ ಓದ್ತಿದ್ದೆ, ಬರೀಬೇಕು ಅನ್ನಿಸ್ತು. ನಾನು ಇಲ್ಲಿಗೆ ಬರೋಕೆ ಮುಂಚೆ ಬೇರೆ ಒಂದು ಕಡೆ ಕಲೀತಿದ್ದೆ, ಎಲ್ಲಿ ಅಂತ ಹೇಳಲ್ಲ. ಅಲ್ಲಿ ಒಬ್ಬ ಹಳಬ ಇದ್ದ, ಹೊಸ ಹುಡುಗೀರ ಜೊತೆ ಮಾತ್ರ ಮಾಡ್ತಿದ್ದ, ಫ್ಲೋರ್ ಮೇಲೇ ನಿಲ್ಲಿಸಿ ಪಾಠ ಮಾಡ್ತಿದ್ದ, ಬೇಡ ಅಂದ್ರೂ ಹತ್ರ ಎಳ್ಕೋತಿದ್ದ, ಹೇಳ್ದೆ ಕೇಳ್ದೆ ಡಿಪ್ ಮಾಡ್ತಿದ್ದ. ಒಂದಿನ ಹಾಗೆ ಬಗ್ಗಿಸಿ ನನ್ನ ಸೊಂಟ ಹಿಡ್ಕೊಂಡ್ಬಿಡ್ತು. ಹೇಳ್ಕೊಂಡ್ರೆ "ಅವ್ನು ಹಾಗೇ, ಒಳ್ಳೇ ಮನುಷ್ಯ" ಅಂದ್ರು. ಒಂದು ವರ್ಷ ಡ್ಯಾನ್ಸ್ ಬಿಟ್ಟಿದ್ದೆ.

ಅದಕ್ಕೇ, ಸೀನಿಯರ್ಸ್ ಹೊಸಬರ ಜೊತೆ ಮಾಡ್ಬೇಕು ಅನ್ನೋದು ನಂಗೆ ತುಂಬಾ ಇಷ್ಟದ ಮಾತು, ಆದ್ರೆ ಅದರ ಜೊತೆಗೇ ಇದನ್ನೂ ಹೇಳ್ಕೊಡಿ ದಯವಿಟ್ಟು. ಬೇಡ ಅನ್ನಬಹುದು, ಕಾರಣ ಹೇಳ್ಬೇಕಾಗಿಲ್ಲ. ಹಾಡಿನ ಮಧ್ಯ ಬಿಟ್ಟು ಹೋಗಬಹುದು. ಕೇಳದೇ ಫ್ಲೋರಲ್ಲಿ ಯಾರಿಗೂ ಪಾಠ ಮಾಡ್ಬಾರ್ದು. ಬೆನ್ನಿನ ಮೇಲೆ ಕೈ ಭುಜದ ಮೂಳೆ ಹತ್ರ ಇರಬೇಕು, ಕೆಳಗಲ್ಲ. ಪರಿಚಯ ಇಲ್ಲದವರಿಗೆ ಡಿಪ್ ಕೊಡಲೇಬಾರ್ದು. ಇದನ್ನೆಲ್ಲಾ ಇಲ್ಲಿ ಬಂದ ಮೊದಲ್ನೇ ದಿನವೇ ಎಂಟನೇಎಣಿಕೆ ಅಕ್ಕ ನಂಗೆ ಪಕ್ಕಕ್ಕೆ ಕರ್ದು ಹೇಳಿದ್ರು, ಅದಕ್ಕೇ ನಾನು ಉಳಿದಿದ್ದು. ಅಕ್ಕ, ನೀವು ಏನೂ ಕೊಟ್ಟಿಲ್ಲ ಅಂದ್ಕೋಬೇಡಿ.

ಎಂಟನೇಎಣಿಕೆ:
ನಂಗೆ ಅದು ನೆನಪೇ ಇರ್ಲಿಲ್ಲ ಕಣೇ. ಕಣ್ಣಲ್ಲಿ ನೀರು ಬಂತು. ನೀನು ಹೇಳಿದ್ದನ್ನ ಎಲ್ಲಾ ಬ್ಯಾಚಿಗೂ ಮೊದಲ್ನೇ ಕ್ಲಾಸಲ್ಲೇ ಹೇಳೋ ಹಾಗೆ ಮಾಡೋಣ, ಒಬ್ಬೊಬ್ರನ್ನೇ ಪಕ್ಕಕ್ಕೆ ಕರೆದು ಅಲ್ಲ, ಎಲ್ರ ಎದುರಿಗೆ.

ಕ್ಯಾಸಿನೋಚಕ್ರ:
ರೂಲೂ ಬೇಡ, ಒಬ್ರು ಇನ್ನೊಬ್ರನ್ನ ಕೇಳೋ ಕಷ್ಟಾನೂ ಬೇಡ ಅಂದ್ರೆ ಒಂದು ದಾರಿ ಇದೆ, ಕ್ಯೂಬಾದೋರು 1950ರ ದಶಕದಲ್ಲೇ ಕಂಡುಕೊಂಡಿದ್ದು. ರುಯೇದಾ ಅಂದ್ರೆ ಚಕ್ರ. ಹವಾನಾದ ಕಾಸಿನೊ ದೆಪೋರ್ತಿವೊ ಅನ್ನೋ ಕ್ಲಬ್ಬಲ್ಲಿ ಬೆಳೆದು ಬಂದಿದ್ದಕ್ಕೆ ಆ ಡ್ಯಾನ್ಸಿಗೆ ಕಾಸಿನೊ ಅಂತಾನೇ ಹೆಸರು ಬಂತು. ಜೋಡಿಗಳೆಲ್ಲಾ ದುಂಡಗೆ ನಿಲ್ತಾರೆ, ಒಬ್ರು ಕೂಗ್ತಾರೆ, ಎಲ್ರೂ ಒಟ್ಟಿಗೆ ಅದನ್ನ ಮಾಡ್ತಾರೆ. "ದಾಮೆ" ಅಂದ್ರೆ ಕೊಡು ಅಂತ, ಕೂಗಿದ ತಕ್ಷಣ ಲೀಡ್‌ಗಳೆಲ್ಲಾ ಪಕ್ಕದ ಫಾಲೋ ಹತ್ರ ಹೋಗ್ಬೇಕು. ಹಾಡು ಎಷ್ಟು ಜೋರಿದ್ರೂ ತೊಂದ್ರೆ ಇಲ್ಲ, ಎಷ್ಟೋ ಕೂಗಿಗೆ ಕೈ ಸನ್ನೆ ಇದೆ.

ಹತ್ತು ಜೋಡಿ ಇದ್ರೆ ಒಂಬತ್ತು "ದಾಮೆ"ಗೆ ಎಲ್ಲಾ ಲೀಡ್‌ಗಳೂ ಎಲ್ಲಾ ಫಾಲೋಗಳ ಕೈ ಹಿಡಿದಿರ್ತಾರೆ. ಹೊಸಬ ಹಳಬ ಎಲ್ಲಾ ಬೆರೆತುಹೋಗುತ್ತೆ, ತಪ್ಪಿದ್ರೆ ಪಕ್ಕದೋರನ್ನ ನೋಡಿದ್ರೆ ಸಾಕು, ಮುಂದಿನ ದಾಮೆಗೆ ಸರಿಹೋಗುತ್ತೆ. ಒಬ್ರ ಜೊತೆ ಇರೋದು ಕೆಲವೇ ಸೆಕೆಂಡ್, ಹೆದರ್ಕೊಳೋಕೆ ಟೈಮೇ ಸಿಗಲ್ಲ. ಬೇಸಿಕ್, ಗ್ವಾಪೆಯಾ, ದಿಲೆ ಕೆ ನೋ, ಎಂಚುಫ್ಲಾ, ದಾಮೆ, ಈ ಐದು ಮೂವ್ ಸಾಕು, ಇಪ್ಪತ್ತು ನಿಮಿಷದಲ್ಲಿ ಹೇಳ್ಕೊಡ್ತೀನಿ. ಸೋಶಿಯಲ್ ಶುರುವಿಗೆ ಎರಡು ಹಾಡು ಚಕ್ರ ಇಟ್ಕೊಳೋಣ. ಅದಾದ ಮೇಲೆ ಮುಖ ಪರಿಚಯ ಆಗಿರುತ್ತಲ್ಲ, ಕೇಳೋದು ತಾನಾಗೇ ಸುಲಭ ಆಗುತ್ತೆ. ನ್ಯೂಯಾರ್ಕ್‌ಆನ್‌ಟೂ ಅವರೇ, ನಿಮ್ಮ ಉಳಿದ ಸಂಜೆ ನಿಮ್ಮದೇ, ಎರಡು ಹಾಡು ಕೊಡ್ತೀರಾ?

ನ್ಯೂಯಾರ್ಕ್‌ಆನ್‌ಟೂ:
ಕೊಡ್ತೀನಿ. ಕ್ಯೂಬನ್ ಸ್ಟೈಲ್ ನಂಗೆ ಬರಲ್ಲ, ಅಲ್ಲಿ ನಾನೂ ಹೊಸಬನೇ.

ಪಾಠದವನು:
ಎಲ್ಲಾ ಓದಿದೆ. ಮೂರು ಸಲ ಓದಿದೆ. ಬಿಗಿನರ್ ಬ್ಯಾಚಿಗೆ ಪಾಠ ಮಾಡೋದು ನಾನೇ, ಹಾಗಾಗಿ ಮೊದಲು ನನ್ನ ಪಾಲಿನದು ಹೇಳ್ತೀನಿ. 14ರಲ್ಲಿ 9 ಜನ ಬಿಟ್ಟಿದ್ದಕ್ಕೆ ಕೆಲಸ, ಟೈಮ್ ಅಂತ ನಂಗೆ ನಾನೇ ಕಾರಣ ಹೇಳ್ಕೊಂಡಿದ್ದೆ, ಅವರಲ್ಲಿ ಒಬ್ರಿಗೂ ಫೋನ್ ಮಾಡಿ ಕೇಳಿರ್ಲಿಲ್ಲ. ಈ ವಾರ ಆರು ಜನರ ಜೊತೆ ಮಾತಾಡ್ದೆ. ನಾಲ್ಕು ಜನ ಹೇಳಿದ್ದು ಹೊಸಹೆಜ್ಜೆ ಹೇಳಿದ್ದನ್ನೇ, ಒಂದು ಸಲ ಸೋಶಿಯಲ್‌ಗೆ ಬಂದಿದ್ರಂತೆ, ಕೂತು ಕೂತು ಹೋಗಿದ್ರಂತೆ.

ಕ್ಲೇವ್‌ಕಿವಿ ಹೇಳಿದ್ದು ಸರಿ, ನಾನು ಎಣಿಸ್ತಾ ಎಣಿಸ್ತಾ ಹಾಡನ್ನ ನಿಮ್ಮ ಕಿವಿಗೆ ಬೀಳೋಕೆ ಬಿಟ್ಟಿಲ್ಲ. ಪ್ರತಿ ಕ್ಲಾಸಿಗೂ ಹೊಸ ಮೂವ್ ಕೊಡ್ಲಿಲ್ಲ ಅಂದ್ರೆ ಜನ ಬೇಜಾರು ಮಾಡ್ಕೋತಾರೆ ಅನ್ನೋ ಭಯ ಇತ್ತು. ಇನ್ಮೇಲೆ ಪ್ರತಿ ಕ್ಲಾಸಿನ ಕೊನೇ ಎರಡು ಹಾಡು ನಾನು ಬಾಯಿ ಮುಚ್ಕೊಂಡಿರ್ತೀನಿ. ಒಂದು ನಿಧಾನದ ಹಾಡು, ಒಂದು ಸ್ವಲ್ಪ ಜೋರು. ಮೊದಲ್ನೇದರಲ್ಲಿ ಬೇಸಿಕ್ ಮತ್ತೆ ಒಂದೇ ಟರ್ನ್ ಮಾತ್ರ, ಪೂರ್ತಿ ಹಾಡು. ಅದೇ ಟರ್ನನ್ನ ನಿಧಾನಕ್ಕೆ, ಸಣ್ಣಗೆ, ಹಾಡು ಜೋರಾದಾಗ ದೊಡ್ಡದಾಗಿ ಮಾಡೋದು ಹೇಗೆ ಅಂತ ನೋಡೋಣ.

ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ: ಮುಂದಿನ ಲೆವೆಲ್‌ಗೆ ಈಗಲೇ ಸೇರ್ಬೇಡಿ. ಹಾಗಂತ ಬಿಡ್ಲೂಬೇಡಿ. ಇದೇ ಲೆವೆಲ್ ಇನ್ನೊಂದು ಸಲ ಮಾಡಿ, ಈ ಸಲ ವಾರಕ್ಕೆ ಒಂದು ದಿನ ಫಾಲೋ ಸಾಲಲ್ಲಿ ನಿಂತ್ಕೊಳಿ. ನನ್ನ ಲೀಡಿಂಗ್ ಸರಿಹೋಗಿದ್ದು ಆರು ತಿಂಗಳು ಫಾಲೋ ಮಾಡಿದ ಮೇಲೆ. ಕೈ ಹಿಸುಕಿದ್ರೆ ಹೇಗಿರುತ್ತೆ, ಲೇಟಾಗಿ ಸುಳಿವು ಸಿಕ್ಕಿದ್ರೆ ಹೇಗಿರುತ್ತೆ ಅನ್ನೋದು ಆ ಕಡೆ ನಿಂತ್ರೆ ಒಂದೇ ದಿನಕ್ಕೆ ಗೊತ್ತಾಗುತ್ತೆ. ಬ್ಯಾಚ್‌ಮೇಟ್ ಅವರೇ, ನೀವೂ ಲೀಡ್ ಮಾಡೋದು ಕಲೀರಿ, ನಮ್ಮಲ್ಲಿ ಯಾವಾಗ್ಲೂ ಲೀಡ್‌ಗಳು ಕಮ್ಮಿ, ಕಾಯ್ಕೊಂಡು ಕೂರೋ ಬದಲು ಯಾರನ್ನಾದ್ರೂ ಎಬ್ಬಿಸ್ಕೊಂಡು ಹೋಗಬಹುದು.

ಬ್ಯಾಚ್‌ಮೇಟ್:
ಸರ್, ಅದು ಮಾಡಬಹುದು ಅಂತಾನೇ ಗೊತ್ತಿರ್ಲಿಲ್ಲ. ಬರ್ತೀನಿ.

ಹೊಸಹೆಜ್ಜೆ:
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು, ಸ್ವಲ್ಪ ಉದ್ದ ಇದೆ.

ಮೊದಲ ವಾರ ಬರೀ ಹಾಡು ಕೇಳ್ದೆ. ನಾಲ್ಕು ದಿನ ಏನೂ ಗೊತ್ತಾಗ್ಲಿಲ್ಲ, ಎಲ್ಲಾ ಒಟ್ಟಿಗೆ ಗದ್ದಲ. ಐದನೇ ದಿನ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದಾಗ ಇದ್ದಕ್ಕಿದ್ದ ಹಾಗೆ ಆ ದುಮ್ ದುಮ್ ಸಿಕ್ತು, ಆಮೇಲೆ ಅದು ಕೇಳಿಸದೇ ಇರೋಕೆ ಆಗ್ಲೇ ಇಲ್ಲ, ಪ್ರತಿ ಹಾಡಲ್ಲೂ ಅದೇ ಮೊದಲು ಕಿವಿಗೆ ಬೀಳುತ್ತೆ. ಕ್ಲಾಸಲ್ಲಿ ಸರ್ ಎಣಿಸದೇ ಇದ್ದಾಗ ಮೊದಲ ಹಾಡಲ್ಲಿ ಎರಡು ಸಲ ಕಳೆದುಹೋದೆ, ಎರಡು ಸಲವೂ ನಿಂತು ಕೇಳಿ ವಾಪಸ್ ಬಂದೆ. ಫಾಲೋ ಸಾಲಲ್ಲಿ ನಿಂತ ದಿನ ಇನ್ನೊಂದು ಗೊತ್ತಾಯ್ತು, ನನ್ನ ಎಡಗೈ ಹೆಬ್ಬೆರಳು. ನಾನು ಟರ್ನ್ ಕೊಡುವಾಗ ಹೆಬ್ಬೆರಳಿಂದ ಗಟ್ಟಿಯಾಗಿ ಹಿಡೀತಿದ್ದೆ ಅಂತ ಇನ್ನೊಬ್ರು ನನ್ನನ್ನ ಹಾಗೆ ಹಿಡಿದಾಗ್ಲೇ ತಿಳಿದಿದ್ದು, ಕೈ ಒಳಗೆ ತಿರುಗೋಕೆ ಜಾಗಾನೇ ಇರಲ್ಲ. ನಾಲ್ಕು ತಿಂಗಳು ನನ್ನ ಜೊತೆ ಮಾಡಿದ ಎಲ್ರ ಹತ್ರಾನೂ ಕ್ಷಮೆ ಕೇಳ್ತೀನಿ.

ಸೋಶಿಯಲ್ಲಲ್ಲಿ ಚಕ್ರ ಇತ್ತು. 11 ಜೋಡಿ. ಅರ್ಧ ಜನ "ದಾಮೆ"ಗೆ ತಪ್ಪು ದಿಕ್ಕಿಗೆ ಹೋದ್ವಿ, ಸೀನಿಯರ್ಸೂ ಹೋದ್ರು, ಎಲ್ರೂ ನಕ್ಕಿದ್ದೇ ನಕ್ಕಿದ್ದು. ಅದಾದ ಮೇಲೆ ಬ್ಯಾಚ್‌ಮೇಟ್ ಬಂದು ನನ್ನ ಕೇಳಿದ್ರು. ಪೂರ್ತಿ ಹಾಡು ಬೇಸಿಕ್, ಸೈಡ್ ಬೇಸಿಕ್, ಕ್ರಾಸ್ ಬಾಡಿ, ಒಂದು ಟರ್ನ್, ಬೇರೇನೂ ಇಲ್ಲ. ಕೌಬೆಲ್ ಶುರುವಾದಾಗ ಇಬ್ರಿಗೂ ಒಂದೇ ಸಲ ಗೊತ್ತಾಯ್ತು, ಅವ್ರು ನನ್ನ ಮುಖ ನೋಡಿದ್ರು, ನಾನು ಕೈ ಬಿಟ್ಟೆ, ಇಬ್ರೂ ಎದುರು ಬದುರು ನಿಂತು ಬರೀ ಹೆಜ್ಜೆ ಹಾಕಿದ್ವಿ, ಶೈನ್ ಅಂತ ಸರ್ ಹೇಳ್ಕೊಟ್ಟಿದ್ದು ಅದೇನಾ ಗೊತ್ತಿಲ್ಲ, ಆದ್ರೆ ಹಾಡು ಮುಗಿಯೋವರೆಗೂ ನಂಗೆ ಮುಂದೇನು ಅನ್ನೋ ಯೋಚನೆ ಒಂದು ಸಲವೂ ಬರ್ಲಿಲ್ಲ. ಆಮೇಲೆ ಎಂಟನೇಎಣಿಕೆ ಅಕ್ಕನ ಜೊತೆ ಒಂದು, ಬಿಟ್ಟುಬಂದವಳು ಮೇಡಂ ಜೊತೆ ಒಂದು. ಒಟ್ಟು ಒಂಬತ್ತು ಹಾಡು.

ಎಂಟನೇಎಣಿಕೆ:
ನಿನ್ನ ಕೈ ಎಷ್ಟು ಹಗುರ ಆಗಿದೆ ಗೊತ್ತಾ ತಮ್ಮಾ. ನಾನು ಆ ಮೊದಲ ಒಂದು ಗಂಟೇಲಿ ಏಳು ಜನ ಹೊಸಬರ ಜೊತೆ ಮಾಡ್ದೆ. ಅದರಲ್ಲಿ ಒಬ್ಬ ಹುಡುಗ ಬೇಸಿಕ್ಕೇ ಮಾಡ್ಲಿಲ್ಲ, ಬೀಟಿಗೆ ಸುಮ್ನೆ ನಡೆದಾಡಿದ, ಆದ್ರೆ ಆ ನಡಿಗೆ ಎಷ್ಟು ಸರಿಯಾಗಿ ಕ್ಲೇವ್ ಅನ್ನೋ ಐದು ಪೆಟ್ಟಿನ ತಾಳದ ಮೇಲೆ ಕೂತಿತ್ತು ಅಂದ್ರೆ ನಂಗೇ ಹೊಸದೊಂದು ಕಲಿತ ಹಾಗಾಯ್ತು.

ಕ್ಲೇವ್‌ಕಿವಿ:
ಆ ಹುಡುಗನ್ನ ನನ್ನ ಹತ್ರ ಕಳಿಸಿ, ಕಾಂಗಾ ಹೇಳ್ಕೊಡ್ತೀನಿ.

ಮೊಣಕಾಲು52:
ನನ್ನ ಹಳೇ ಸ್ವೇಡ್ ಬೂಟ್ ಒಂದು ಜೋಡಿ ಅದಾವ್ರಿ, 8ನೇ ನಂಬರ್, ಯಾರಿಗರ ಬೇಕಿದ್ರ ಹೇಳ್ರಿ, ಶನಿವಾರ ತರ್ತೇನಿ.

ಕ್ಯಾಸಿನೋಚಕ್ರ:
ಶನಿವಾರದ ಚಕ್ರಕ್ಕೆ ಇಲ್ಲಿವರೆಗೆ 13 ಲೀಡ್, 12 ಫಾಲೋ ಹೆಸರು ಬಂದಿದೆ. ಈ ಸಲ ಫಾಲೋ ಒಬ್ರು ಕಮ್ಮಿ.

ಹೊಸಹೆಜ್ಜೆ:
ಬ್ಯಾಚ್‌ಮೇಟ್ ಲೀಡ್ ಮಾಡ್ತೀನಿ ಅಂತ ಹೆಸರು ಕೊಟ್ಟಿದಾರೆ, ಅದಕ್ಕೇ ಹೆಚ್ಚಾಗಿರೋದು. ನನ್ನನ್ನ ಲೀಡಿಂದ ತೆಗೆದು ಫಾಲೋಗೆ ಹಾಕಿ.

ಕ್ಯಾಸಿನೋಚಕ್ರ:
ಹಾಕ್ದೆ. 12 ಮತ್ತು 13 ಆಯ್ತು, ಈಗ ಒಬ್ರು ಲೀಡ್ ಬೇಕು. ಹೋದ ಸಲ ಬರದೇ ಇರೋ ಸೀನಿಯರ್ ಯಾರಾದ್ರೂ ಇದೀರಾ?